ಸಮೇತನಹಳ್ಳಿಯ ಕೆಮ್ಮಣ್ಣು

ಬೆಂಗಳೂರಿನಿಂದ ಪೂರ್ವದಿಕ್ಕಿಗೆ ಹೊರಟ ಪ್ರಯಾಣಿಕನಿಗೆ ನಗರವು ಎಲ್ಲಿ ಮುಗಿಯಿತು, ಹಳ್ಳಿಯು ಎಲ್ಲಿ ಮೊದಲಾಯಿತು ಎಂಬುದನ್ನು ಹೇಳುವುದು ಈಗ ಸುಲಭವಲ್ಲ. 2023ರಲ್ಲಿ ನಮ್ಮ ಮೆಟ್ರೋದ ನೇರಳೆ ಮಾರ್ಗವು ವೈಟ್‌ಫೀಲ್ಡಿನ ಕಾಡುಗೋಡಿಯವರೆಗೆ ಬಂದು ನಿಂತಿತು. ಅಲ್ಲಿ ಇಳಿದು ಬಸ್ಸನ್ನೋ ಆಟೋವನ್ನೋ ಹಿಡಿದು ಮುಂದುವರಿದರೆ ಗಾಜಿನ ಕಟ್ಟಡಗಳು ಹಿಂದೆ ಸರಿದು, ಬೃಹದಾಕಾರದ ಗೋದಾಮುಗಳೂ ಹೊಸ ಬಡಾವಣೆಗಳ ಕಮಾನುಗಳೂ ಕಾಣಿಸಿಕೊಳ್ಳುತ್ತವೆ. ಅವುಗಳ ಸಂದಿಯಲ್ಲಿ ನೀಲಗಿರಿ ತೋಪು, ಹೂವಿನ ತಾಕು, ರಾಗಿಯ ಹೊಲ. ಹೊಸಕೋಟೆ ತಾಲ್ಲೂಕಿಗೆ ಸೇರಿದ ಸಮೇತನಹಳ್ಳಿಯು ಇಂತಹ ಸಂಧಿಸ್ಥಳದಲ್ಲಿದೆ. ಪ್ರಸಿದ್ಧವಾದ ಗುಡಿಯನ್ನೋ ಜಲಪಾತವನ್ನೋ ಅರಸಿ ಹೊರಡುವವರು ಈ ಹಾದಿಯನ್ನು ಹಿಡಿಯಬೇಕಾಗಿಲ್ಲ. ನಾನು ಹೋದದ್ದು ಅಲ್ಲಿಯ ಮಣ್ಣಿನ ಬಣ್ಣವನ್ನು ನೋಡುವುದಕ್ಕಾಗಿ.

ಇದಕ್ಕೆ ಕಾರಣವುಂಟು. ನಮ್ಮ ಕಾಲೇಜಿನ ಕನ್ನಡ ವಿದ್ಯಾರ್ಥಿಗಳು ಈ ಸೀಮೆಯ ಬೇಸಾಯದ ಮಾತುಗಳನ್ನು ಕಲೆಹಾಕಿ ಸಚಿತ್ರವಾದ ಒಂದು ಪುಟ್ಟ ಪದಕೋಶವನ್ನು ಸಿದ್ಧಪಡಿಸುತ್ತಿದ್ದಾರೆ. ಕುಂಟೆ, ಕೂರಿಗೆ, ಕಣ, ಮೆದೆ ಮುಂತಾದವುಗಳ ಚಿತ್ರ ಬರೆಯುವುದು ಕಷ್ಟವಲ್ಲ. ಆಕಾರ ಸರಿಯಾಗಿದ್ದರೆ ಸಾಕು. ಆದರೆ ಮಣ್ಣಿನ ಮಾತು ಬಂದಾಗ ಆಕಾರವು ಕೈಕೊಡುತ್ತದೆ. ಕೆಮ್ಮಣ್ಣು, ಎರೆಮಣ್ಣು, ಜೇಡಿಮಣ್ಣು, ಕೆರೆಯ ಗೋಡು, ಇವುಗಳನ್ನು ಚಿತ್ರದಲ್ಲಿ ಬೇರ್ಪಡಿಸುವುದು ಬಹುಮಟ್ಟಿಗೆ ಬಣ್ಣವೇ. 'ಕೆಮ್ಮಣ್ಣು' ಎಂದು ಅಚ್ಚು ಹಾಕಿ ಅದರ ಮಗ್ಗುಲಲ್ಲಿ ಕಾಫಿಪುಡಿಯ ಬಣ್ಣದ ಚಿತ್ರವನ್ನಿಟ್ಟರೆ ಆ ಪುಟವು ಓದುಗನಿಗೆ ಸುಳ್ಳು ಹೇಳಿದಂತಾಗುತ್ತದೆ. ಹೊಲಗಳು ನಿವೇಶನಗಳಾಗುತ್ತಿರುವ ಸೀಮೆಯಲ್ಲಿ ಮುಂದಿನ ಮಗು ಈ ಮಾತನ್ನು ಕಲಿಯುವುದು ಕಾಲಿಗಂಟಿದ ಮಣ್ಣಿನಿಂದಲ್ಲ, ಪುಸ್ತಕದ ಚಿತ್ರದಿಂದಲೇ ಇರಬಹುದು. ಆದ್ದರಿಂದ ಚಿತ್ರದ ಹೊಣೆ ಸಣ್ಣದಲ್ಲ.

ಹಿಂದೊಮ್ಮೆ ಇಂತಹ ಅನುಭವವಾಗಿತ್ತು. ಒಂದು ಸ್ಮರಣ ಸಂಚಿಕೆಯ ಹೊದಿಕೆಗೆ ಹೊಲದ ಚಿತ್ರವನ್ನು ಕೊಟ್ಟಿದ್ದೆವು. ಮೊದಲ ಮುದ್ರಣದಲ್ಲಿ ನೆಲವು ಇಟ್ಟಿಗೆಯ ಬಣ್ಣವಾಗಿತ್ತು. ಪ್ರತಿಗಳು ಸಾಲದೆ ಬೇರೊಂದು ಅಚ್ಚುಕೂಟದಲ್ಲಿ ಮತ್ತೆ ಅಚ್ಚು ಹಾಕಿಸಿದಾಗ ಅದೇ ನೆಲ ಬೆಲ್ಲದ ಪಾಕದಂತೆ ಬಂದಿತು. ಚಿತ್ರವೂ ಒಂದೇ, ಕಾಗದವೂ ಹೆಚ್ಚುಕಡಿಮೆ ಒಂದೇ. ಆ ಅಚ್ಚುಕೂಟಗಳ ಹೆಸರು ಇಲ್ಲಿ ಬೇಡ. ಎರಡು ಕಡೆಯ ಕೆಲಸಗಾರರೂ ತಮ್ಮ ಕಣ್ಣಿಗೆ ಸರಿಯೆಂದು ತೋರಿದ್ದನ್ನೇ ಮಾಡಿದ್ದರು. ಕಣ್ಣುಗಳು ಬೇರೆಯಾದುವು, ಅಷ್ಟೇ.

ಈ ಸಲ ಹಾಗಾಗಬಾರದೆಂದು, ಬೆಂಗಳೂರಿನ ಆಫ್‌ಸೆಟ್ ಮುದ್ರಣಾಲಯವೊಂದರಲ್ಲಿ ಹಲವು ವರ್ಷ ದುಡಿದಿರುವ ಮಿತ್ರರೊಬ್ಬರನ್ನು ಜತೆಗೆ ಕರೆದುಕೊಂಡು ಹೋದೆ. "ಮೇಷ್ಟ್ರೇ, ಬಣ್ಣ ಕೆಡುವುದು ಯಂತ್ರದಲ್ಲಿ ಎಂದು ಎಲ್ಲರೂ ತಿಳಿದಿದ್ದಾರೆ. ಅರ್ಧ ಕೆಡುವುದು ಹೊಲದಲ್ಲೇ" ಎಂದು ಅವರು ಬಸ್ಸಿನಲ್ಲೇ ಎಚ್ಚರಿಸಿದರು.

ಯಾವ ಕೆಂಪು?

ಅದು ಕಾರ್ತಿಕದ ಕೊನೆ. ರಾಗಿಯ ತೆನೆ ಬಾಗಿತ್ತು. ಅಕ್ಕಡಿ ಸಾಲಿನಲ್ಲಿ ಅವರೆ ಹೂ ಬಿಟ್ಟಿತ್ತು. ರಸ್ತೆಯ ಆಚೆಗೆ ಚೆಂಡುಹೂವಿನ ತಾಕೊಂದು ಬಿಸಿಲಿನಲ್ಲಿ ಉರಿಯುತ್ತಿತ್ತು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಈ ಪ್ರಸ್ಥಭೂಮಿಯಲ್ಲಿ ಅತಿ ಪ್ರಾಚೀನವಾದ ಬಂಡೆಯು ಕಾಲಕ್ರಮದಲ್ಲಿ ಪುಡಿಯಾಗಿ, ಅದರಲ್ಲಿದ್ದ ಕಬ್ಬಿಣದ ಅಂಶಕ್ಕೆ ತುಕ್ಕು ಹಿಡಿದು ಮಣ್ಣಿಗೆ ಕೆಂಪು ಬಂದಿದೆ. ನಮ್ಮ ಹಳೆಯ ಬಾಗಿಲ ಚಿಲಕದ ಮೇಲಿನ ಕೆಂಪೂ ಈ ಹೊಲದ ಕೆಂಪೂ ಒಂದೇ ಕುಲದವು.

ಮಿತ್ರರು ಚಿತ್ರ ತೆಗೆಯುವ ಮೊದಲು ಚೀಲದಿಂದ ಒಂದು ರಟ್ಟನ್ನು ತೆಗೆದು ಮಣ್ಣಿನ ಮೇಲಿಟ್ಟರು. ಅದರಲ್ಲಿ ಬೂದು, ಬಿಳಿ, ಕಪ್ಪು, ಕೆಂಪು ಮೊದಲಾದ ಸಣ್ಣ ಸಣ್ಣ ಚೌಕಗಳಿದ್ದುವು. ಆ ಚೌಕಗಳ ಬಣ್ಣವನ್ನು ಮೊದಲೇ ಅಳೆದು ಗೊತ್ತುಮಾಡಲಾಗಿರುತ್ತದೆ. ಬಿಸಿಲು ಹಳದಿಯಾಗಿರಲಿ, ಮೋಡದ ನೆರಳು ನೀಲಿಯಾಗಿರಲಿ, ರಟ್ಟಿನ ಬೂದು ಬಣ್ಣವು ಚಿತ್ರದಲ್ಲಿ ಎಷ್ಟು ಬದಲಾಗಿದೆಯೋ ಅಷ್ಟೇ ಮಣ್ಣಿನ ಬಣ್ಣವೂ ಬದಲಾಗಿದೆಯೆಂದು ತಿಳಿದು ಆಮೇಲೆ ತಿದ್ದಬಹುದು.

ಹೊಲದ ಯಜಮಾನರು ಬದುವಿನ ಮೇಲೆ ಕುಳಿತು ಇದೆಲ್ಲವನ್ನೂ ನೋಡುತ್ತಿದ್ದರು. "ಏನ್ ಸ್ವಾಮಿ, ಮಣ್ಣಿಗೂ ಫೋಟೋನಾ?" ಎಂದರು. ಮಣ್ಣಿನ ನಿಜವಾದ ಬಣ್ಣ ಬೇಕಾಗಿದೆ ಎಂದೆ. ಅವರು ಒಂದು ಹೆಂಟೆಯನ್ನು ಕೈಗೆತ್ತಿಕೊಂಡು, ಬಾಟಲಿಯ ನೀರನ್ನು ಅದರ ಅರ್ಧಕ್ಕೆ ಮಾತ್ರ ಸುರಿದು ನನ್ನ ಮುಂದೆ ಹಿಡಿದರು. "ನೆಂದ್ರೆ ಒಂದು, ಒಣಗಿದ್ರೆ ಒಂದು. ನಿಮಗ್ಯಾವ್ದು ಬೇಕು?"

ಒಣಗಿದ ಭಾಗ ಮಾಸಿದ ಇಟ್ಟಿಗೆಯಂತಿತ್ತು. ನೆಂದ ಭಾಗ ಕಗ್ಗೆಂಪು. ಆ ರೈತರು ಕೇಳಿದ ಪ್ರಶ್ನೆಯನ್ನು ಭೂವಿಜ್ಞಾನಿಗಳು ಪುಸ್ತಕವಾಗಿಯೇ ಬರೆದಿದ್ದಾರೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ಚಿತ್ರಕಲಾ ಅಧ್ಯಾಪಕ ಆಲ್ಬರ್ಟ್ ಮನ್ಸೆಲ್ ಎಂಬಾತನು ಬಣ್ಣಗಳಿಗೆ ಜಾತಿ, ಬೆಳಕು, ಗಾಢತೆಗಳೆಂಬ ಮೂರು ಅಳತೆಗಳನ್ನು ಕಲ್ಪಿಸಿದನು. ಅವನ ಕ್ರಮದಂತೆ ಮಾಡಿದ ಬಣ್ಣದ ಬಿಲ್ಲೆಗಳ ಪುಸ್ತಕವನ್ನು ಹಿಡಿದುಕೊಂಡೇ ಇಂದಿಗೂ ಮಣ್ಣಿನ ಸಮೀಕ್ಷಕರು ಹೊಲಕ್ಕೆ ಹೋಗುತ್ತಾರೆ. ಒಣಮಣ್ಣಿನ ಬಣ್ಣವನ್ನೂ ಹಸಿಮಣ್ಣಿನ ಬಣ್ಣವನ್ನೂ ಬೇರೆಬೇರೆಯಾಗಿ ಗುರುತು ಹಾಕಿಕೊಳ್ಳುತ್ತಾರೆ. ನಾವೂ ಹಾಗೆಯೇ ಎರಡು ಚಿತ್ರಗಳನ್ನು ತೆಗೆದುಕೊಂಡು, ಎರಡು ಹೆಂಟೆಗಳನ್ನು ಡಬ್ಬಿಯಲ್ಲಿಟ್ಟುಕೊಂಡೆವು. ನಮ್ಮ ಪದಕೋಶದಲ್ಲಿ ಕೆಮ್ಮಣ್ಣಿಗೆ ಎರಡು ಚಿತ್ರಗಳಿರುತ್ತವೆ. ಅದು ಆ ಯಜಮಾನರ ಕೊಡುಗೆ.

ಕಲ್ಲಿನಿಂದ ರಬ್ಬರಿಗೆ

ಈ ಹೆಂಟೆ ಕಾಗದಕ್ಕಿಳಿಯುವ ಬಗೆಯನ್ನು ತಿಳಿಯಬೇಕಾದರೆ ಅಚ್ಚಿನ ಕಥೆಯನ್ನು ಸ್ವಲ್ಪ ಹೇಳಬೇಕು. ಎಣ್ಣೆಗೂ ನೀರಿಗೂ ಇರುವ ವೈರವೇ ಇದಕ್ಕೆ ಮೂಲ. ಜರ್ಮನಿಯಲ್ಲಿ ಸೆನೆಫೆಲ್ಡರ್ ಎಂಬಾತನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಲ್ಲಚ್ಚನ್ನು ಕಂಡುಹಿಡಿದನು. ಕಲ್ಲಿನ ಮೇಲೆ ಜಿಡ್ಡಿನಲ್ಲಿ ಬರೆದು, ನೀರು ಸವರಿ, ಶಾಯಿ ಹಚ್ಚಿದರೆ ಶಾಯಿಯು ಜಿಡ್ಡಿರುವ ಕಡೆ ಮಾತ್ರ ನಿಲ್ಲುತ್ತದೆ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಬಂದದ್ದು ಇಂತಹ ಕಲ್ಲಚ್ಚಿನಲ್ಲಿಯೇ. ರಾಜಾ ರವಿವರ್ಮನ ದೇವದೇವಿಯರು ನಮ್ಮ ನಡುಮನೆಗಳ ಗೋಡೆಗಳಿಗೆ ಬಂದದ್ದೂ ಕಲ್ಲಿನ ಮೂಲಕವೇ. ಅಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಅವನ ಮೂಲಚಿತ್ರಗಳ ಮುಂದೆ ನಿಂತು, ಅಜ್ಜಿಯ ಮನೆಯ ಪಟವನ್ನು ನೆನೆದುಕೊಂಡವರಿಗೆ ಅಚ್ಚಿನಲ್ಲಿ ಬಣ್ಣವು ಎಷ್ಟು ದೂರ ಸರಿಯಬಲ್ಲುದೆಂಬುದು ತಾನಾಗಿಯೇ ಹೊಳೆಯುತ್ತದೆ.

1904ರ ಸುಮಾರಿನಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಐರಾ ರೂಬೆಲ್ ಎಂಬ ಮುದ್ರಕನ ಯಂತ್ರಕ್ಕೆ ಕಾಗದ ಊಡುವುದು ಒಮ್ಮೆ ತಪ್ಪಿ, ಅಚ್ಚು ರಬ್ಬರ್ ಹೊದಿಸಿದ ಉರುಳೆಯ ಮೇಲೆ ಬಿದ್ದಿತು. ಮುಂದಿನ ಕಾಗದದ ಬೆನ್ನಿಗೆ ಆ ರಬ್ಬರಿನಿಂದ ಅಂಟಿದ ಅಚ್ಚು, ಮುಂಬದಿಯ ಅಚ್ಚಿಗಿಂತ ಸ್ಫುಟವಾಗಿತ್ತು. ಈ ಆಕಸ್ಮಿಕವೇ ಆಫ್‌ಸೆಟ್ ಮುದ್ರಣವಾಯಿತು. ಲೋಹದ ತಗಡಿನಿಂದ ರಬ್ಬರಿಗೆ, ರಬ್ಬರಿನಿಂದ ಕಾಗದಕ್ಕೆ. ಇಂದು ನಿಮ್ಮ ಮಕ್ಕಳ ಪಠ್ಯಪುಸ್ತಕ, ಮದುವೆಯ ಆಹ್ವಾನಪತ್ರಿಕೆ, ಶಿವಕಾಶಿಯ ಕ್ಯಾಲೆಂಡರು, ಔಷಧಿಯ ಪೊಟ್ಟಣ, ಬಹುತೇಕ ಎಲ್ಲವೂ ಈ ದಾರಿಯಿಂದ ಬಂದವು.

ಇದರಲ್ಲಿ ಶಾಯಿಗಳು ನಾಲ್ಕೇ: ಸಯಾನ್ ಎಂಬ ತಿಳಿನೀಲಿ, ಮಜಂತಾ ಎಂಬ ನಸುನೇರಳೆಗೆಂಪು, ಹಳದಿ ಮತ್ತು ಕಪ್ಪು. ಒಳ್ಳೆಯ ನುಣುಪು ಕಾಗದದ ಚಿತ್ರದಲ್ಲಿ ಸೆಂಟಿಮೀಟರಿಗೆ ಸುಮಾರು 60 ಸಾಲು ಚುಕ್ಕೆಗಳಿರುತ್ತವೆ. ಚುಕ್ಕೆ ದಪ್ಪವಾದರೆ ಬಣ್ಣ ಗಾಢ, ಸಣ್ಣದಾದರೆ ತಿಳಿ. ಭೂತಗನ್ನಡಿಯಲ್ಲಿ ನೋಡಿದರೆ ನಮ್ಮ ಕೆಮ್ಮಣ್ಣು ಮಾಯವಾಗಿ ಮಜಂತಾ ಮತ್ತು ಹಳದಿಯ ಚುಕ್ಕೆಗಳ ರಂಗೋಲಿಯಷ್ಟೇ ಕಾಣುತ್ತದೆ. ನಡುನಡುವೆ ನೆರಳಿಗಾಗಿ ಒಂದಿಷ್ಟು ಕಪ್ಪು ಮತ್ತು ನೀಲಿ. ಆದರೆ ಶಾಯಿ ದ್ರವ, ಕಾಗದ ಹೀರುವ ವಸ್ತು. ತಗಡಿನಲ್ಲಿ ಅರ್ಧ ಜಾಗವನ್ನು ತುಂಬುವ ಚುಕ್ಕೆ ಕಾಗದದ ಮೇಲೆ ಹರಡಿ, ನೂರಕ್ಕೆ ಅರವತ್ತನ್ನೂ ಮೀರಿದ ಗಾಢತೆಯನ್ನು ತೋರುತ್ತದೆ. ಒಂದು ಅಚ್ಚುಕೂಟದಲ್ಲಿ ಹೆಚ್ಚು ಹರಡಿ ಇನ್ನೊಂದರಲ್ಲಿ ಕಡಿಮೆ ಹರಡಿದರೆ, ಒಂದರಲ್ಲಿ ಇಟ್ಟಿಗೆಯೂ ಇನ್ನೊಂದರಲ್ಲಿ ಬೆಲ್ಲದ ಪಾಕವೂ ಸಿದ್ಧವಾಗುತ್ತವೆ. ನಮ್ಮ ಸ್ಮರಣ ಸಂಚಿಕೆಯ ರಹಸ್ಯವಿದು.

ಯಂತ್ರಗಳ ಜಾತಕ

ಬಣ್ಣದ ಹೆಸರುಗಳಿಗೆ ಕನ್ನಡದಲ್ಲಿ ಬಡತನವಿಲ್ಲ. ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಕುಳಿತರೆ ಗಿಣಿಹಸಿರು, ಬದನೇಕಾಯಿ ಬಣ್ಣ, ಈರುಳ್ಳಿಪೊರೆ, ಕನಕಾಂಬರ, ಅರಗಿನ ಬಣ್ಣ ಎಂಬ ಮಾತುಗಳು ಒಂದರ ಹಿಂದೊಂದು ಕೇಳಿಬರುತ್ತವೆ. ಆದರೆ ನನ್ನ ಈರುಳ್ಳಿಪೊರೆಯೂ ನಿಮ್ಮ ಈರುಳ್ಳಿಪೊರೆಯೂ ಒಂದೇ ಎಂದು ಹೇಳುವವರು ಯಾರು? ಅಳತೆಯ ತೊಡಕು ನಮ್ಮ ನಾಡಿಗೆ ಹೊಸದಲ್ಲ. ಹಳೆಯ ಕಾಲದಲ್ಲಿ ಭೂಮಿಯನ್ನಳೆಯುವ ಗಳೆಯೂ ಧಾನ್ಯವನ್ನಳೆಯುವ ಕೊಳಗವೂ ಊರಿಂದೂರಿಗೆ ಬೇರೆಯಾಗಿದ್ದುವು. ಆದುದರಿಂದಲೇ ಶಾಸನಗಳು ದಾನ ಕೊಟ್ಟ ಭೂಮಿ ಎಷ್ಟೆಂಬುದರ ಜತೆಗೆ ಯಾವ ಗಳೆಯಿಂದ ಅಳೆದದ್ದೆಂಬುದನ್ನೂ ಹೇಳುವುದುಂಟು. ಬಳ್ಳಿಗಾವೆಯ ಕಡೆಯ ಶಾಸನಗಳಲ್ಲಿ ಬರುವ ಭೇರುಂಡ ಗಳೆ ಇದಕ್ಕೆ ನಿದರ್ಶನ. ಸೇರು ಪಾವುಗಳು ಹೋಗಿ ಕಿಲೋಗ್ರಾಮ್ ಬಂದದ್ದು 1956ರ ಕಾಯಿದೆಯ ತರುವಾಯವಷ್ಟೆ.

ಬಣ್ಣಕ್ಕೂ ಇಂತಹ ಗಳೆಯೊಂದು ಬೇಕಾಗಿತ್ತು. ಬೆಳಕು ಮತ್ತು ಬಣ್ಣಗಳನ್ನು ಕುರಿತ ಅಂತಾರಾಷ್ಟ್ರೀಯ ಆಯೋಗವು 1931ರಲ್ಲಿ ಸಾಮಾನ್ಯ ಮನುಷ್ಯನ ಕಣ್ಣು ಬಣ್ಣವನ್ನು ಗ್ರಹಿಸುವ ಬಗೆಯನ್ನು ಅಂಕಿಗಳಲ್ಲಿ ಹಿಡಿದಿಟ್ಟಿತು. 1976ರಲ್ಲಿ ಅದನ್ನೇ ಸರಳಗೊಳಿಸಿ, ಯಾವ ಬಣ್ಣವನ್ನಾದರೂ ಮೂರು ಅಂಕಿಗಳಲ್ಲಿ ಹೇಳಬಹುದಾದ 'ಲ್ಯಾಬ್' ಎಂಬ ಕ್ರಮವನ್ನು ರೂಪಿಸಿತು. ಮೊದಲನೆಯ ಅಂಕಿ ಕಪ್ಪಿನಿಂದ ಬಿಳಿಯವರೆಗಿನ ಬೆಳಕು. ಎರಡನೆಯದು ಹಸಿರಿನಿಂದ ಕೆಂಪಿಗೆ. ಮೂರನೆಯದು ನೀಲಿಯಿಂದ ಹಳದಿಗೆ. ಈ ಅಂಕಿಗಳಿಗೆ ಯಂತ್ರದ ಹಂಗಿಲ್ಲ, ದೇಶದ ಹಂಗಿಲ್ಲ.

ಮುಂದಿನ ಹೆಜ್ಜೆ 1993ರಲ್ಲಿ. ಅಡೋಬಿ, ಆಪಲ್, ಕೊಡಾಕ್, ಅಗ್ಫಾ, ಮೈಕ್ರೋಸಾಫ್ಟ್ ಮೊದಲಾದ ಎಂಟು ಸಂಸ್ಥೆಗಳು ಸೇರಿ ಅಂತಾರಾಷ್ಟ್ರೀಯ ವರ್ಣ ಒಕ್ಕೂಟವನ್ನು ಕಟ್ಟಿದುವು. ಕ್ಯಾಮರಾ, ಕಂಪ್ಯೂಟರಿನ ಪರದೆ, ಅಚ್ಚಿನ ಯಂತ್ರ ಮುಂತಾದ ಪ್ರತಿಯೊಂದಕ್ಕೂ ಒಂದು ಕಲರ್ ಪ್ರೊಫೈಲ್ ಇರಬೇಕು, ಅದರ ಲಿಪಿ ಎಲ್ಲರಿಗೂ ಒಂದೇ ಆಗಿರಬೇಕು ಎಂಬುದು ಅದರ ನಿಶ್ಚಯ. ಪ್ರೊಫೈಲ್ ಎಂದರೆ ಯಂತ್ರದ ಜಾತಕವೆಂದು ತಿಳಿಯಬಹುದು. ಆದರೆ ಇದು ಊಹೆಯಿಂದಲ್ಲ, ಅಳತೆಯಿಂದ ಬರೆದದ್ದು. ಅಚ್ಚುಯಂತ್ರದಲ್ಲಿ 1617 ಚೌಕಗಳುಳ್ಳ ಒಂದು ಹಾಳೆಯನ್ನು ಮುದ್ರಿಸುತ್ತಾರೆ. ಯಾವ ಚೌಕಕ್ಕೆ ಯಾವ ಶಾಯಿ ಎಷ್ಟು ಎಂಬುದು ಮೊದಲೇ ಗೊತ್ತು. ಅಚ್ಚಾದ ಮೇಲೆ ಪ್ರತಿಯೊಂದನ್ನೂ ಉಪಕರಣದಿಂದ ಅಳೆದು, 'ಇಷ್ಟು ಶಾಯಿ ಕೊಟ್ಟರೆ ಈ ಯಂತ್ರ ಈ ಕಾಗದದ ಮೇಲೆ ಇಂತಹ ಬಣ್ಣವನ್ನು ಕೊಡುತ್ತದೆ' ಎಂದು ಪಟ್ಟಿ ಮಾಡುತ್ತಾರೆ. ಆಮೇಲೆ ಕಂಪ್ಯೂಟರು ದುಭಾಷಿಯ ಕೆಲಸ ಮಾಡುತ್ತದೆ. ಕ್ಯಾಮರಾ ಕಂಡ ಕೆಂಪನ್ನು ಮೂರು ಅಂಕಿಗಳ ಸಾಮಾನ್ಯ ಭಾಷೆಗೆ ತಂದು, ಅಲ್ಲಿಂದ ಆ ಯಂತ್ರಕ್ಕೆ ಬೇಕಾದ ನಾಲ್ಕು ಶಾಯಿಗಳ ಪ್ರಮಾಣಕ್ಕೆ ತಿರುಗಿಸುತ್ತದೆ.

ಜಾತಕವೇನೋ ಸರಿ, ಆದರೆ ಯಂತ್ರದ ನಡತೆ ದಿನದಿನಕ್ಕೂ ಬದಲಾದರೆ ಜಾತಕದಿಂದ ಫಲವೇನು? ಇದಕ್ಕಾಗಿಯೇ ಜಿನೀವಾದ ಅಂತಾರಾಷ್ಟ್ರೀಯ ಮಾನಕ ಸಂಸ್ಥೆ ಆಫ್‌ಸೆಟ್ ಮುದ್ರಣಕ್ಕೆ 12647 ಎಂಬ ಸಂಖ್ಯೆಯ ಮಾನಕದ ಎರಡನೆಯ ಭಾಗವನ್ನು 1996ರಲ್ಲಿ ಪ್ರಕಟಿಸಿ, 2004ರಲ್ಲಿಯೂ 2013ರಲ್ಲಿಯೂ ಪರಿಷ್ಕರಿಸಿತು. ನಮ್ಮ ಭಾರತೀಯ ಮಾನಕ ಬ್ಯೂರೋ ಆ ಸಂಸ್ಥೆಯ ಸದಸ್ಯ. ಯಾವ ಬಗೆಯ ಕಾಗದದ ಮೇಲೆ ಯಾವ ಶಾಯಿ ಯಾವ ಅಂಕಿಗೆ ಬರಬೇಕು, ಚುಕ್ಕೆ ಎಷ್ಟು ಹರಡಬಹುದು ಎಂಬುದನ್ನೆಲ್ಲ ಅದು ಹೇಳುತ್ತದೆ. ಮ್ಯೂನಿಕ್ಕಿನ ಫೋಗ್ರಾ ಎಂಬ ಸಂಶೋಧನ ಸಂಸ್ಥೆ ನುಣುಪು ಕಾಗದಕ್ಕೆಂದು ಹೊರಡಿಸಿದ 39ನೆಯ ಸಂಖ್ಯೆಯ ಪಟ್ಟಿಯಲ್ಲಿ ಅಪ್ಪಟ ಮಜಂತಾದ ಅಂಕಿಗಳು 48, 74, ಋಣ 3. ಹಳದಿಯವು 89, ಋಣ 5, 93. ನಮ್ಮ ಸಮೇತನಹಳ್ಳಿಯ ಕೆಂಪನ್ನು ಕೂಡಿಸಬೇಕಾದವು ಈ ಎರಡೇ. ಅಪ್ಪಟ ಶಾಯಿಯು ಗುರಿಯಿಂದ 5 ಮಾನಗಳಿಗಿಂತ ಹೆಚ್ಚು ಆಚೀಚೆ ಹೋಗಕೂಡದು. ಪಳಗಿದ ಕಣ್ಣಿಗೆ ಕಾಣುವ ಅತಿ ಸಣ್ಣ ಅಂತರವು ಸುಮಾರು 1 ಮಾನ.

ಮುದ್ರಣಾಲಯದಲ್ಲಿ ಮಿತ್ರರು ಮೊದಲು ಮಾಡಿದ್ದು ದೀಪದ ಪರೀಕ್ಷೆ. ಅಲ್ಲಿ ಮೂರು ಕಡೆ ಬೂದು ಗೋಡೆಗಳಿರುವ ಒಂದು ಗೂಡಿದೆ. ಅದರ ದೀಪದ ಬೆಳಕು 5000 ಕೆಲ್ವಿನ್ ಎಂಬ ಗೊತ್ತಾದ ಮಟ್ಟದ್ದು. ಪ್ರೂಫನ್ನೂ ಅಚ್ಚಾದ ಹಾಳೆಯನ್ನೂ ಅಲ್ಲಿಯೇ ಹೋಲಿಸಬೇಕು. ನಮ್ಮ ಮನೆಯ ಹೆಂಗಸರಿಗೆ ಈ ಶಾಸ್ತ್ರ ಮೊದಲೇ ಗೊತ್ತು. ಅಂಗಡಿಯ ದೀಪದಲ್ಲಿ ಸೀರೆಗೂ ರವಿಕೆಯ ಕಣಕ್ಕೂ ಚೆನ್ನಾಗಿ ಹೊಂದಿದ ಬಣ್ಣ ಬಿಸಿಲಿನಲ್ಲಿ ಬೇರೆಯಾಗುವುದುಂಟೆಂದು ಬಲ್ಲ ಅವರು ಎರಡನ್ನೂ ಬಾಗಿಲಿಗೆ ತಂದು ನೋಡುವುದಿಲ್ಲವೆ?

ಗೂಡಿನ ಬೆಳಕಿನಲ್ಲಿ ಡಬ್ಬಿಯ ಹೆಂಟೆಗಳನ್ನು ಪ್ರೂಫಿನ ಮಗ್ಗುಲಲ್ಲಿಟ್ಟರು. ಒಣಮಣ್ಣು ಹೊಂದಿತು. ಹಸಿಮಣ್ಣಿಗೆ ಮತ್ತೆ ನೀರು ಚಿಮುಕಿಸಿ ನೋಡಿದಾಗ ಚಿತ್ರ ತುಸು ಮಂಕಾಗಿ ಕಂಡಿತು. ಒದ್ದೆಯ ಹೊಳಪನ್ನು ಶಾಯಿಗೆ ತರುವುದು ಹೇಗೆ? ಕೆಂಪಿನಮಟ್ಟಿಗೆ ಮಾತ್ರ ಎರಡೂ ಸರಿಯಾಗಿದ್ದುವು. ಪುಸ್ತಕವನ್ನು ನಾಳೆ ಧಾರವಾಡದಲ್ಲಿ ಅಚ್ಚು ಹಾಕಿಸಿದರೂ, ಆ ಅಚ್ಚುಕೂಟವು ಅದೇ ಮಾನಕವನ್ನು ಪಾಲಿಸಿದರೆ, ಕೆಮ್ಮಣ್ಣು ಕೆಮ್ಮಣ್ಣಾಗಿಯೇ ಬರುತ್ತದೆಂಬ ಧೈರ್ಯ ಬಂದಿತು.

ಕೈಗೆಟುಕದ ಬಣ್ಣ

ಆದರೆ ಚೆಂಡುಹೂವಿನ ತಾಕಿನ ಚಿತ್ರವನ್ನು ಪರದೆಯ ಮೇಲೆ ತೆರೆದಾಗ ಮಿತ್ರರು ತಲೆಯಾಡಿಸಿದರು. ನಾಲ್ಕು ಶಾಯಿಗಳ ಕೂಟಕ್ಕೆ ಒಂದು ಎಲ್ಲೆಯಿದೆ. ಮಣ್ಣು, ಒಣಹುಲ್ಲು, ರಾಗಿಯ ತೆನೆ, ಮನುಷ್ಯನ ಮುಖ, ಇವೆಲ್ಲ ಆ ಎಲ್ಲೆಯ ಒಳಗಿವೆ. ಚೆಂಡುಹೂವಿನ ಉರಿಯುವ ಕಿತ್ತಳೆ ಅದರ ಹೊರಗಿದೆ, ಕನಕಾಂಬರವೂ ಹಾಗೆಯೇ, ಕಡುನೇರಳೆಯದೂ ಅದೇ ಪಾಡು. ಪ್ರೊಫೈಲ್ ಇಲ್ಲಿ ಪವಾಡವನ್ನು ಮಾಡಲಾರದು. ಎಲ್ಲೆಯೊಳಗಿನ ಅತಿ ಹತ್ತಿರದ ಬಣ್ಣವನ್ನು ಕೊಟ್ಟು, ಉಳಿದ ಬಣ್ಣಗಳ ಪರಸ್ಪರ ಸಂಬಂಧ ಕೆಡದಂತೆ ನೋಡಿಕೊಳ್ಳುತ್ತದೆ. ಬೇಕಾದವರು ಐದನೆಯ ಶಾಯಿಯಾಗಿ ಬೇರೊಂದು ಕಿತ್ತಳೆಯನ್ನು ಸೇರಿಸಬಹುದು; ಪದಕೋಶದ ಹಣದ ಚೀಲಕ್ಕೆ ಅದು ನಿಲುಕದು.

ಕಾಗದದ ಎಲ್ಲೆಯೂ ಉಂಟು. ನುಣುಪು ಕಾಗದದಲ್ಲಿ ಮಿನುಗುವ ಚಿತ್ರವು ಕನ್ನಡ ಪುಸ್ತಕಗಳಿಗೆ ಸಾಮಾನ್ಯವಾಗಿ ಬಳಸುವ ಒರಟು ಕಾಗದದಲ್ಲಿ ಮಂಕಾಗುವುದು ಸಹಜ. ಆದಕಾರಣ ಮಾನಕವು ಕಾಗದದ ಜಾತಿಗೊಂದರಂತೆ ಬೇರೆಬೇರೆ ಗುರಿಗಳನ್ನಿಟ್ಟಿದೆ. ಕೆಲವು ಕಾಗದಗಳಿಗೆ ಬಿಳುಪು ಹೆಚ್ಚಿಸಲು ಸೇರಿಸುವ ದ್ರವ್ಯವು, ನಾವು ಬಿಳಿಬಟ್ಟೆಗೆ ಹಾಕುವ ನೀಲಿಯಂತೆ, ಕಾಗದವನ್ನೇ ಸ್ವಲ್ಪ ನೀಲಿಯಾಗಿ ತೋರಿಸುತ್ತದೆ. 2013ರ ಪರಿಷ್ಕರಣವು ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು.

ಹಾಗಾದರೆ ಇಷ್ಟೆಲ್ಲ ಅಳತೆಯಿಂದ ನಮಗಾದ ಲಾಭವೇನೆಂದು ಓದುಗರು ಕೇಳಬಹುದು. ಮಾನಕವು ಪ್ರಕೃತಿಯ ಬಣ್ಣವನ್ನು ತಂದುಕೊಡುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ಒಮ್ಮೆ ಒಪ್ಪಿದ ಬಣ್ಣವನ್ನು ಎಲ್ಲರೂ ಎಲ್ಲೆಡೆಯೂ ಉಳಿಸಿಕೊಳ್ಳಬಹುದೆಂಬುದಷ್ಟೇ ಅದರ ಮಾತು. ಒಪ್ಪಿಗೆ ಕೊಡುವ ಕಣ್ಣು ಹೊಲಕ್ಕೆ ಹೋಗಿ ನೋಡಿರದಿದ್ದರೆ, ಸಾವಿರಾರು ಪ್ರತಿಗಳಲ್ಲಿಯೂ ಅದೇ ತಪ್ಪು ಕೆಂಪು ಅಚ್ಚುಕಟ್ಟಾಗಿ ಬರುತ್ತದೆ. ಹೆಂಟೆಗೆ ನೀರು ಸುರಿದು ತೋರಿಸುವ ಯಜಮಾನರೂ ಬೇಕು, ಜಿನೀವಾದ ಅಂಕಿಗಳೂ ಬೇಕು. ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡಲಾರರು.

ಮನೆಯಲ್ಲಿರುವ ಟೂತ್‌ಪೇಸ್ಟಿನ ರಟ್ಟಿನ ಡಬ್ಬಿಯನ್ನು ಬಿಚ್ಚಿ ನೋಡಿ. ಎಷ್ಟೋ ಡಬ್ಬಿಗಳ ಒಳಮಡಿಕೆಯಲ್ಲಿ ಸಾಲಾಗಿ ಸಣ್ಣ ಸಣ್ಣ ಬಣ್ಣದ ಗುರುತುಗಳಿರುತ್ತವೆ. ಮಕ್ಕಳು ಅವೇಕೆಂದು ಕೇಳಿದರೆ, ಮುದ್ರಕನು ಮಾತು ತಪ್ಪಿಲ್ಲವೆಂದು ತಾನೇ ಪರೀಕ್ಷಿಸಿಕೊಳ್ಳಲು ಇಟ್ಟುಕೊಂಡ ಸಾಕ್ಷಿಗಳು ಎಂದು ಹೇಳಬಹುದು. ಇನ್ನು ಸಮೇತನಹಳ್ಳಿಯ ಕಡೆ ಹೋಗುವ ಮನಸ್ಸಿದ್ದವರು ಮಳೆ ಬಂದು ನಿಂತ ಮರುದಿನ ಬೆಳಗ್ಗೆ ಹೋಗಲಿ. ಉತ್ತ ಹೊಲದಲ್ಲಿ ಉಬ್ಬುಗಳು ಒಣಗಿರುತ್ತವೆ, ತಗ್ಗುಗಳು ನೆಂದಿರುತ್ತವೆ. ಕೆಮ್ಮಣ್ಣಿನ ಎರಡು ಬಣ್ಣಗಳೂ ಸಾಲುಸಾಲಾಗಿ ಕಾಣುತ್ತವೆ. ಬಡಾವಣೆಯ ಕಲ್ಲುಗಳು ಇನ್ನೂ ನೆಡದ ಹೊಲಗಳು ಅಲ್ಲಿ ಉಳಿದಿವೆ. ಮಕ್ಕಳನ್ನು ಕರೆದುಕೊಂಡು ಹೋಗುವುದು ಮೇಲು.